ಮನೆಯಲ್ಲಿ ಕಟ್ಟಿದ ಕಾರಿನ ತಗಡಿನ ಡ್ಯಾಶ್‌ಬೋರ್ಡ್: ಪೇಂಟಾ, ಪೌಡರಾ, ರೆಕ್ಸಿನ್ನಾ?

ಯಾವ ಎಂಜಿನ್ ಹಾಕಬೇಕು, ಯಾವ ಗೇರ್‌ಬಾಕ್ಸ್ ಹೊಂದುತ್ತದೆ ಅನ್ನುವುದಕ್ಕೆ ಹೇಗೋ ಒಂದು ಉತ್ತರ ಸಿಗುತ್ತದೆ. ಡ್ಯಾಶ್‌ಬೋರ್ಡ್ ಹತ್ತಿರ ಬಂದಾಗ ಮಾತ್ರ ಕಾರು ಕಟ್ಟುವವರೆಲ್ಲ ತಿಂಗಳುಗಟ್ಟಲೆ ತಲೆ ಕೆರೆದುಕೊಳ್ಳುತ್ತಾರೆ. ಎಂಜಿನ್ ಬಾನೆಟ್ ಒಳಗೆ ಅಡಗಿರುತ್ತದೆ. ಡ್ಯಾಶ್ ಕಣ್ಣೆದುರೇ ಇರುತ್ತದೆ. ಗಾಡಿ ನೋಡಲು ಬಂದವರು ಮೊದಲು ಬಗ್ಗಿ ನೋಡುವುದೂ ಅದನ್ನೇ.

ಇತ್ತೀಚೆಗೆ ಬಂದ ಪ್ರಶ್ನೆಗಳನ್ನೇ ತೆಗೆದುಕೊಳ್ಳಿ. ಶಿರಾದವರೊಬ್ಬರು ಮಾರುತಿ 800 ಎಂಜಿನ್ ಇಟ್ಟು ಎರಡು ಸೀಟಿನ ತೆರೆದ ಕಾರು ಕಟ್ಟಿದ್ದಾರೆ. ಅದರ ಡ್ಯಾಶ್ ಅಲ್ಯೂಮಿನಿಯಂ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಓವನ್ನಿನಲ್ಲಿ ಬೇಯಿಸುವುದು) ಮಾಡಿಸಬೇಕಾ, ಬೆಳ್ಳಗೆ ಹೊಳೆಯುವ ಹಾಗೆ ಬ್ರಶ್ ಮಾಡಿ ಬಿಡಬೇಕಾ ಅನ್ನುವುದು ಅವರ ಗೊಂದಲ. ಗುಬ್ಬಿ ಕಡೆಯವರೊಬ್ಬರದು ಹಳೇ ಜೀಪಿನ ಚಾಸಿ, ಅದರ ಮೇಲೆ ಸ್ವಂತ ಬಾಡಿ. ಡ್ಯಾಶ್ ಕಬ್ಬಿಣದ ತಗಡು, ತುಕ್ಕು ಬೇರೆ ಹಿಡಿದಿದೆ. ಅವರಿಗೆ ಪೇಂಟಾ ರೆಕ್ಸಿನ್ನಾ ಅಂತ ಚಿಂತೆ. ತುಮಕೂರಿನಲ್ಲೇ ಎಂಜಿನಿಯರಿಂಗ್ ಓದುವ ಹುಡುಗರು ಕೇಳಿದ್ದು ಇನ್ನೂ ನೇರ: "ಸಾರ್, ಕಡಿಮೆ ದುಡ್ಡಲ್ಲಿ ಯಾವುದು ಚೆನ್ನಾಗಿ ಕಾಣುತ್ತೆ?"

ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಮೂವರಿಗೂ ಒಂದು ಮಾತು ಅನ್ವಯಿಸುತ್ತದೆ. ಫೋಟೋ ನೋಡಿ ಫಿನಿಶ್ ಆರಿಸಬೇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಡ್ರೈವರ್ ಸೀಟಿನಿಂದ ಅದು ಹೇಗೆ ಕಾಣುತ್ತದೆ, ಮುಂದಿನ ವರ್ಷ ಇನ್ನೊಂದು ಸ್ವಿಚ್ ಕೂರಿಸಬೇಕಾದಾಗ ಅದರ ಗತಿ ಏನು, ಈ ಎರಡನ್ನೂ ಯೋಚಿಸಿ ಆರಿಸಿ.

ಕಿಟ್ ಕಾರು ಅಂದ ತಕ್ಷಣ ಎಲ್ಲರಿಗೂ ನೆನಪಾಗುವ ಲೋಟಸ್ ಸೆವೆನ್ ಬಂದಿದ್ದು 1957ರಲ್ಲಿ. ಆಗ ಇಂಗ್ಲೆಂಡಿನಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು. ಬಿಡಿಭಾಗಗಳ ಕಿಟ್ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಅದು ತಪ್ಪುತ್ತಿತ್ತು. ನಮ್ಮ ಕಡೆ ಪೆಟ್ಟಿಗೆಯಲ್ಲಿ ಕಿಟ್ ತರಿಸುವವರು ಅಪರೂಪ. ಪೈಪಿನ ಚಾಸಿ, ಗುಜರಿಯ ಎಂಜಿನ್, ಶೀಟ್ ಮೆಟಲ್ ಅಂಗಡಿಯಲ್ಲಿ ಬಗ್ಗಿಸಿದ ಬಾಡಿ, ಇದೇ ನಮ್ಮ ಕಿಟ್. ರಸ್ತೆಗೆ ಇಳಿಸುವ ಆಸೆ ಇದ್ದರೆ ನೋಂದಣಿಯ ವಿಷಯ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ. ಇಲ್ಲಿ ಹೊಸ ಮಾದರಿಯ ಗಾಡಿ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆಯಬೇಕು. ಡ್ಯಾಶ್ ಬಣ್ಣದಿಂದ ಅದು ಬದಲಾಗುವುದಿಲ್ಲ, ಹಾಗಾಗಿ ಆ ಮಾತು ಇಲ್ಲಿಗೆ ಸಾಕು.

ಏನನ್ನು ನೋಡಿ ಆರಿಸಬೇಕು

ಮೊದಲು ಲೋಹ. ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿದರೆ ಕಬ್ಬಿಣದ ತಗಡು. ಅಂಟದೆ ಹಗುರವಾಗಿದ್ದರೆ ಅಲ್ಯೂಮಿನಿಯಂ. ಅಂಟದೆ ಭಾರವಾಗಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ಇರಬಹುದು. ಇದು ಗೊತ್ತಾಗದೆ ಮುಂದೆ ಹೋಗಬೇಡಿ. ಕಬ್ಬಿಣಕ್ಕೆ ಅನೋಡೈಸಿಂಗ್, ಅಂದರೆ ಕರೆಂಟ್ ಹರಿಸಿ ಮೇಲ್ಮೈಯನ್ನೇ ಗಟ್ಟಿ ಮಾಡುವ ಕೆಲಸ, ಆಗುವುದೇ ಇಲ್ಲ. ಅಲ್ಯೂಮಿನಿಯಂ ಮೇಲೆ ಸಾದಾ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದರೆ ನಿಲ್ಲುವುದಿಲ್ಲ, ಉಗುರಿನಲ್ಲಿ ಕೆರೆದರೂ ಎದ್ದು ಬರುತ್ತದೆ. ಜಿಐ ಶೀಟ್ ಆಗಿದ್ದರೆ ಅದರ ಸತುವಿನ ಪದರದ ಮೇಲೂ ಅದೇ ಕಥೆ.

ಎರಡನೆಯದು ನಾಳೆಯ ತೂತು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಆದರೆ ಯಾರೂ ಯೋಚಿಸುವುದಿಲ್ಲ. ಕಂಪನಿ ಕಾರಿನ ಡ್ಯಾಶ್ ಒಮ್ಮೆ ಕೂರಿಸಿದರೆ ಮುಗಿಯಿತು. ನಾವು ಕಟ್ಟಿದ ಕಾರಿನ ಡ್ಯಾಶ್ ಯಾವತ್ತೂ ಮುಗಿಯುವುದಿಲ್ಲ. ಇವತ್ತು ಸ್ಪೀಡೋಮೀಟರ್ ಮತ್ತು ಪೆಟ್ರೋಲ್ ಮೀಟರ್ ಸಾಕು ಅನ್ನಿಸುತ್ತದೆ. ಬೇಸಿಗೆ ಬಂದಾಗ ರೇಡಿಯೇಟರ್ ಫ್ಯಾನಿಗೆ ಬೇರೆ ಸ್ವಿಚ್ ಬೇಕಾಗುತ್ತದೆ. ಆಮೇಲೆ ಆಯಿಲ್ ಪ್ರೆಶರ್ ಮೀಟರ್, ಆಮೇಲೆ ಮೊಬೈಲ್ ಚಾರ್ಜರ್. ಹೊಸ ತೂತು ಬಿದ್ದೇ ಬೀಳುತ್ತದೆ. ಆಗ ನೀವು ಆರಿಸಿದ ಫಿನಿಶ್ ಅದನ್ನು ತಡೆದುಕೊಳ್ಳುತ್ತದಾ? ತೇಪೆ ಹಾಕಲು ಆಗುತ್ತದಾ?

ಮೂರನೆಯದು ಬಿಸಿಲು. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಕಟ್ಟಿರುವುದು ಸುಮ್ನೆ ಅಲ್ಲ. ನಮ್ಮ ಜಿಲ್ಲೆಯ ಬಿಸಿಲು ಅಷ್ಟಿದೆ. ತೆರೆದ ಕಾರನ್ನು ಒಂದು ಗಂಟೆ ನಿಲ್ಲಿಸಿದರೆ ಕಪ್ಪು ತಗಡಿನ ಮೇಲೆ ಕೈ ಇಡಲು ಆಗುವುದಿಲ್ಲ. ಬಿಸಿಗಿಂತ ದೊಡ್ಡ ತೊಂದರೆ ಪ್ರತಿಫಲನ. ಡ್ಯಾಶಿನ ಮೇಲ್ಭಾಗ ಹೊಳೆಯುತ್ತಿದ್ದರೆ ಅದರ ಬಿಂಬ ಮುಂದಿನ ಗಾಜಿನಲ್ಲಿ ಕಾಣುತ್ತದೆ. ಹೈವೇಯಲ್ಲಿ ಎದುರಿನ ಲಾರಿ ಮತ್ತು ನಿಮ್ಮ ಡ್ಯಾಶಿನ ಬಿಂಬ ಎರಡೂ ಒಂದರ ಮೇಲೊಂದು ಕೂತರೆ ಅದು ಅಂದದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ.

ಇನ್ನು ದಪ್ಪ ಮತ್ತು ಅರ್ತ್ (ಕರೆಂಟ್ ಚಾಸಿಗೆ ವಾಪಸ್ ಹೋಗುವ ದಾರಿ). ಮೇಲೆ ಕೂರುವ ಪದರ ಎಷ್ಟು ದಪ್ಪವೋ ತೂತು ಅಷ್ಟು ಕಿರಿದಾಗುತ್ತದೆ. ಸಾಮಾನ್ಯ ಸಣ್ಣ ಮೀಟರು 52 ಮಿಲಿಮೀಟರಿನದು, ಟಾಗಲ್ ಸ್ವಿಚ್ಚಿನದು 12. ಬಿಗಿಯಾಗಿ ಕೊರೆದಿದ್ದರೆ ಕೋಟಿಂಗ್ ಆದ ಮೇಲೆ ಮೀಟರು ಒಳಗೆ ಹೋಗುವುದಿಲ್ಲ. ಇನ್ನೊಂದು, ಎಷ್ಟೋ ಹಳೇ ಮೀಟರುಗಳು ಅರ್ತ್ ತೆಗೆದುಕೊಳ್ಳುವುದು ತಗಡಿನಿಂದಲೇ. ಪೇಂಟ್, ಪೌಡರ್, ಅನೋಡೈಸಿಂಗ್ ಮೂರೂ ಕರೆಂಟ್ ತಡೆಯುತ್ತವೆ. ಹೊಸ ಫಿನಿಶ್ ಆದ ಮೇಲೆ ಪೆಟ್ರೋಲ್ ಮುಳ್ಳು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದರೆ ಟ್ಯಾಂಕಿನ ಕಡೆ ಓಡುವ ಮೊದಲು ಅರ್ತ್ ನೋಡಿ. ಎಲ್ಲ ಮೀಟರುಗಳನ್ನೂ ಒಂದೇ ಕಪ್ಪು ವೈರಿನಲ್ಲಿ ಜೋಡಿಸಿ ಚಾಸಿಗೆ ಕೊಡುವುದು ಯಾವ ಫಿನಿಶ್ ಆದರೂ ಒಳ್ಳೆಯದು.

ಕೊನೆಗೆ ದುಡ್ಡು ಮತ್ತು ಕೈ. ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ ಅನ್ನುವುದು ದುಡ್ಡಿನಷ್ಟೇ ಮುಖ್ಯ.

ಬಣ್ಣಕ್ಕೆ ಮುಂಚಿನ ಕೆಲಸ

ಇದು ಯಾವ ದಾರಿ ಹಿಡಿದರೂ ತಪ್ಪುವುದಿಲ್ಲ. ಬಿಚ್ಚುವ ಮೊದಲು ಹಿಂದಿನ ವೈರಿಂಗಿನ ಫೋಟೋ ತೆಗೆಯಿರಿ, ಪ್ರತಿ ವೈರಿಗೂ ಚೀಟಿ ಕಟ್ಟಿ. ಬಿಚ್ಚಿದ ಮೇಲೆ ಡ್ಯಾಶನ್ನು ರಟ್ಟಿನ ಮೇಲೆ ಇಟ್ಟು ಎಲ್ಲ ತೂತುಗಳ ಗುರುತು ಹಾಕಿಕೊಳ್ಳಿ. ಜೀಪಿನಂಥ ಹಳೇ ಗಾಡಿಯ ಭಾಗ ಬಳಸಿದ್ದರೆ ನಂಬರ್ ಪಟ್ಟಿಗಳು ರಿವಿಟ್ ಹೊಡೆದು ಕೂತಿರುತ್ತವೆ. ಅವನ್ನು ಜೋಪಾನವಾಗಿ ಬಿಚ್ಚಿ ತೆಗೆದಿಡಿ. ಪೇಂಟರ್ ಕೈಗೆ ಪಟ್ಟಿ ಸಮೇತ ಕೊಟ್ಟರೆ ಅದರ ಮೇಲೇ ಹೊಡೆದು ಕೊಡುತ್ತಾರೆ.

ಹಳೇ ಬಣ್ಣ ತೆಗೆಯಲು ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಸಾಕು. ಗಾಳಿ ಆಡುವ ಜಾಗದಲ್ಲಿ, ಕೈಗವಸು ಹಾಕಿಕೊಂಡು ಮಾಡಿ. ಕಾಸ್ಟಿಕ್ ಸೋಡಾ ಬಳಸುವ ಅಭ್ಯಾಸ ಕೆಲವರಿಗಿದೆ. ಕಬ್ಬಿಣಕ್ಕೆ ನಡೆಯುತ್ತದೆ, ಅಲ್ಯೂಮಿನಿಯಂಗೆ ಖಂಡಿತ ಬೇಡ. ಅದು ಲೋಹವನ್ನೇ ತಿನ್ನುತ್ತದೆ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್ ಕೂಡ ತೆಳು ತಗಡಿಗೆ ಆಗಿಬರುವುದಿಲ್ಲ. ಚಾಸಿಗೆ ಮಾಡಿದ ಹಾಗೆ 1.2 ಮಿಲಿಮೀಟರಿನ ಡ್ಯಾಶಿಗೂ ಜೋರಾಗಿ ಹೊಡೆದರೆ ತಗಡು ಉಬ್ಬಿ ಸೊಟ್ಟಗಾಗುತ್ತದೆ. ಆಮೇಲೆ ಯಾವ ಟಿಂಕರಿಂಗ್‌ನವರ ಕೈಯಲ್ಲೂ ಅದು ಮೊದಲಿನ ಹಾಗೆ ಸಮ ಆಗುವುದು ಕಷ್ಟ.

ಬೇಡದ ಹಳೇ ತೂತುಗಳನ್ನು ಮುಚ್ಚಬೇಕು. ಕಬ್ಬಿಣವಾದರೆ ಸಾದಾ ವೆಲ್ಡಿಂಗ್, ಅಲ್ಯೂಮಿನಿಯಂ ಆದರೆ ಆರ್ಗಾನ್ ವೆಲ್ಡಿಂಗ್. ಮುಚ್ಚಿದ ಜಾಗವನ್ನು ಉಜ್ಜಿ ಸಮ ಮಾಡಿ ಪುಟ್ಟಿ ಎಳೆಯುವುದು ರೂಢಿ. ಆದರೆ ಪುಟ್ಟಿ ಡಬ್ಬಿ ತೆರೆಯುವ ಮೊದಲೇ ಫಿನಿಶ್ ಯಾವುದು ಅಂತ ತೀರ್ಮಾನ ಆಗಿರಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪೇಂಟ್

ಪೇಂಟ್ ಅಂದರೆ ಎರಡು ಬೇರೆ ದಾರಿ. ಒಂದು ಅಂಗಡಿಯ ಸ್ಪ್ರೇ ಡಬ್ಬಿ, ಇನ್ನೊಂದು ಗ್ಯಾರೇಜಿನ ಪಿಯು (ಪಾಲಿಯುರೆಥೇನ್) ಪೇಂಟ್.

ಸ್ಪ್ರೇ ಡಬ್ಬಿಯ ಬಗ್ಗೆ ಮೂಗು ಮುರಿಯುವವರು ಜಾಸ್ತಿ. ನಾನು ಮುರಿಯುವುದಿಲ್ಲ. ಕೆಲವು ನೂರು ರೂಪಾಯಿಗಳಲ್ಲಿ ಇಡೀ ಡ್ಯಾಶ್ ಮುಗಿಯುತ್ತದೆ. ಮ್ಯಾಟ್ ಕಪ್ಪು ಬಣ್ಣ ಆರಿಸಿದರೆ ಕೈಯ ತಪ್ಪುಗಳೂ ಅಷ್ಟಾಗಿ ಕಾಣುವುದಿಲ್ಲ. ಮುಂದಿನ ವರ್ಷ ತೂತು ಕೊರೆದರೆ ಪೂರ್ತಿ ಉಜ್ಜಿ ಮತ್ತೆ ಹೊಡೆದರಾಯಿತು, ಒಂದು ಭಾನುವಾರದ ಕೆಲಸ. ಇದರ ದೌರ್ಬಲ್ಯ ಏನೆಂದರೆ ಮೇಲ್ಮೈ ಮೃದು. ಪೆಟ್ರೋಲ್ ಅಥವಾ ಥಿನ್ನರ್ ತಾಗಿದರೆ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮತ್ತೆ ಮತ್ತೆ ಮುಟ್ಟಿದರೂ ಕಲೆ ಬೀಳುತ್ತದೆ. ಕೀಲಿಗೊಂಚಲು ತಾಗುವ ಜಾಗ ಬೇಗ ಸವೆಯುತ್ತದೆ.

ಪಿಯು ಪೇಂಟಿಗೆ ಹಾರ್ಡನರ್ ಬೆರೆಸುತ್ತಾರೆ. ಗಟ್ಟಿಯಾಗಿ ಕೂರುತ್ತದೆ, ಪೆಟ್ರೋಲಿಗೂ ಬಗ್ಗುವುದಿಲ್ಲ, ಬಿಸಿಲಿಗೆ ಬಣ್ಣ ಹೋಗುವುದೂ ತುಂಬ ನಿಧಾನ. ಬಾಡಿಯ ಬಣ್ಣಕ್ಕೇ ಡ್ಯಾಶ್ ಹೊಂದಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸಿ ಕೊಡುತ್ತಾರೆ. ಪುಟ್ಟಿ ಹಾಕಬಹುದು ಅನ್ನುವುದು ಇದರ ದೊಡ್ಡ ಲಾಭ. ತುಕ್ಕು ತಿಂದ, ತಗ್ಗು ಬಿದ್ದ, ಹತ್ತಾರು ತೂತು ಮುಚ್ಚಿದ ಡ್ಯಾಶ್ ಕೂಡ ಪೇಂಟಿನಲ್ಲಿ ಹೊಸದಾಗುತ್ತದೆ. ಬೇರೆ ಯಾವ ಫಿನಿಶ್ಶೂ ಇಷ್ಟನ್ನು ಮುಚ್ಚುವುದಿಲ್ಲ, ರೆಕ್ಸಿನ್ ಒಂದು ಬಿಟ್ಟು.

ಪ್ರೈಮರ್ ವಿಷಯದಲ್ಲಿ ಪೇಂಟರ್ ಹತ್ತಿರ ಕೂತು ಮಾತಾಡಿ. ಅಲ್ಯೂಮಿನಿಯಂಗೆ ಎಚ್ ಪ್ರೈಮರ್ (etch, ಆಸಿಡ್ ಇರುವ ಪ್ರೈಮರ್) ಅಥವಾ ಎಪಾಕ್ಸಿ ಪ್ರೈಮರ್ ಬೇಕು. ಎಚ್ ಪ್ರೈಮರಿನ ಮೇಲೆ ನೇರವಾಗಿ ಪುಟ್ಟಿ ಎಳೆಯಬಾರದು, ಅದರಲ್ಲಿರುವ ಆಸಿಡ್ ಪುಟ್ಟಿ ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ಪುಟ್ಟಿ ಬೇಕಿದ್ದರೆ ಎಪಾಕ್ಸಿ ದಾರಿ ಹಿಡಿಯಿರಿ. ಅಲ್ಯೂಮಿನಿಯಂ ಉಜ್ಜಿದ ತಕ್ಷಣ ಗಾಳಿಗೆ ಆಕ್ಸೈಡ್ ಪದರ ಕಟ್ಟಲು ಶುರುವಾಗುತ್ತದೆ. ಬೆಳಿಗ್ಗೆ ಉಜ್ಜಿ ನಾಳೆ ಪ್ರೈಮರ್ ಹೊಡೆಯೋಣ ಅನ್ನುವ ಪೇಂಟರ್‌ಗೆ ಕೆಲಸ ಕೊಡಬೇಡಿ.

ಪಿಯು ಪೇಂಟನ್ನು ಮನೆಯಲ್ಲಿ ಹೊಡೆಯುವ ಆಸೆ ಇರುವವರಿಗೆ ಒಂದು ಕಟ್ಟುನಿಟ್ಟಿನ ಮಾತು. ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಉಸಿರಿನಲ್ಲಿ ಹೋದರೆ ಅಸ್ತಮಾ ತರಿಸುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ, ಎನ್95 ಮಾಸ್ಕಿಗೂ ನಿಲ್ಲುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ಅದಿಲ್ಲದಿದ್ದರೆ ಈ ಕೆಲಸ ಬೂತ್ ಇರುವ ಗ್ಯಾರೇಜಿಗೆ ಬಿಡಿ.

ಕಾಲವನ್ನೂ ನೋಡಬೇಕು. ಆಷಾಢದ ಗಾಳಿಯಲ್ಲಿ ಅಂಗಳದಲ್ಲಿ ಪೇಂಟ್ ಹೊಡೆದರೆ ಬಣ್ಣಕ್ಕಿಂತ ಧೂಳೇ ಜಾಸ್ತಿ ಅಂಟುತ್ತದೆ. ಮಳೆ ಹಿಡಿದ ದಿನ ಡಬ್ಬಿಯ ಲ್ಯಾಕರ್ ಹೊಡೆದರೆ ತೇವ ಸಿಕ್ಕಿಕೊಂಡು ಬಿಳಿಚಿಕೊಳ್ಳುತ್ತದೆ. ಶಿವರಾತ್ರಿ ಜಾತ್ರೆ ಮುಗಿದು ಬಿಸಿಲು ಏರುವ ಮುಂಚಿನ ದಿನಗಳು, ಅದರಲ್ಲೂ ಗಾಳಿ ಏಳದ ಬೆಳಗಿನ ಹೊತ್ತು, ನಮ್ಮ ಊರಿಗೆ ಒಳ್ಳೆಯ ಸಮಯ.

ಪೌಡರ್ ಕೋಟಿಂಗ್

ಒಣ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹದ ಮೇಲೆ ಸಿಂಪಡಿಸುತ್ತಾರೆ. ಆಮೇಲೆ ಓವನ್ನಿನಲ್ಲಿ ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಪುಡಿ ಕರಗಿ ಒಂದೇ ಪದರವಾಗಿ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಬರುತ್ತದೆ. ಕೀಲಿ ತಾಗಲಿ, ಸ್ಕ್ರೂಡ್ರೈವರ್ ಜಾರಲಿ, ಪೇಂಟಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ. ಗೇಟು, ಗ್ರಿಲ್ಲು, ಪ್ಯಾನೆಲ್ ಬಾಕ್ಸ್ ಮಾಡುವ ಕಡೆಯಲ್ಲೆಲ್ಲ ಇದು ನಡೆಯುತ್ತದೆ. ಹಾಗಾಗಿ ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಕಡೆ ಮೊದಲು ವಿಚಾರಿಸಿ.

ಒಂದು ಒಳಗುಟ್ಟು ಹೇಳುತ್ತೇನೆ. ಒಂದೇ ಒಂದು ಡ್ಯಾಶ್ ತಗೊಂಡು ಹೋಗಿ ನಿಮಗಿಷ್ಟವಾದ ಬಣ್ಣ ಕೇಳಿದರೆ ಅವರಿಗೆ ಗಿಟ್ಟುವುದಿಲ್ಲ. ಗನ್ನು ತೊಳೆಯಬೇಕು, ಬೂತ್ ತೊಳೆಯಬೇಕು. ಕರೆಂಟ್ ಪ್ಯಾನೆಲ್ಲುಗಳಿಗೆ ಅವರು ದಿನವೂ ಹೊಡೆಯುವ ಕಪ್ಪು ಅಥವಾ ಬೂದು ಟೆಕ್ಸ್ಚರ್ (ತರಿತರಿಯಾಗಿ ಕೂರುವ) ಪೌಡರ್ ಒಪ್ಪಿಕೊಂಡರೆ ನಿಮ್ಮ ಡ್ಯಾಶನ್ನೂ ಅದೇ ಸಾಲಿನಲ್ಲಿ ನೇತುಹಾಕಿ ಕಡಿಮೆ ದುಡ್ಡಿಗೆ ಮಾಡಿಕೊಡಬಹುದು. ಡ್ಯಾಶಿಗೆ ಆ ಟೆಕ್ಸ್ಚರ್ ಕಪ್ಪೇ ಚೆನ್ನ ಕೂಡ. ಹೊಳಪಿಲ್ಲ, ಸಣ್ಣ ಗೀರು ಕಾಣುವುದಿಲ್ಲ, ಬೆರಳಿನ ಗುರುತು ಕೂರುವುದಿಲ್ಲ. ಗಾಜಿನಲ್ಲಿ ಬಿಂಬವೂ ಕಡಿಮೆ.

ಇನ್ನು ಷರತ್ತುಗಳು. ಸಾದಾ ಪುಟ್ಟಿ ಹಾಕಿದ್ದರೆ ಪೌಡರ್ ಮರೆತುಬಿಡಿ. ಪುಟ್ಟಿ ಕರೆಂಟ್ ಹಿಡಿಯುವುದಿಲ್ಲ, ಆದ್ದರಿಂದ ಪುಡಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಓವನ್ನಿನ ಬಿಸಿಗೆ ಅದು ಬಿರುಕು ಬಿಡುತ್ತದೆ, ಗುಳ್ಳೆ ಏಳುತ್ತದೆ. ಹಳೇ ಕಾಲದ ಬಾಡಿಯಲ್ಲಿ ಸೀಸ-ತವರದ ಬೆಸುಗೆ ತುಂಬಿಸಿದ್ದರೆ ಇನ್ನೂ ಕಷ್ಟ, ಅದು 183 ಡಿಗ್ರಿಗೇ ಕರಗಲು ಶುರು. ರಬ್ಬರ್, ಪ್ಲಾಸ್ಟಿಕ್ ಎಲ್ಲ ಮೊದಲೇ ಹೊರಗೆ ಬರಬೇಕು. ವೆಲ್ಡ್ ಮಾಡಿದ ನಟ್ಟುಗಳ ಒಳಗಿನ ಥ್ರೆಡ್ಡಿಗೆ ಪುಡಿ ತುಂಬದಂತೆ ಹಳೇ ಬೋಲ್ಟ್ ತಿರುಗಿಸಿ ಕೊಡಿ. ಮೀಟರ್ ತೂತುಗಳನ್ನು ಅರ್ಧ ಮಿಲಿಮೀಟರ್ ಸಡಿಲ ಇಟ್ಟಿದ್ದರೆ ತೊಂದರೆ ಇಲ್ಲ, ಇಲ್ಲದಿದ್ದರೆ ಅಂಚಿಗೆ ಬಿಸಿ ತಡೆಯುವ ಟೇಪ್ ಹಾಕಿಸಿ.

ನಾಳೆಯ ತೂತು? ಕೊರೆಯಬಹುದು. ಮಾಸ್ಕಿಂಗ್ ಟೇಪ್ ಹಚ್ಚಿ, ಹೊಸ ಬಿಟ್ ಹಾಕಿ, ನಿಧಾನವಾಗಿ ಕೊರೆದರೆ ಅಂಚು ಚಕ್ಕೆ ಏಳುವುದಿಲ್ಲ. ಆದರೆ ಹಳೇ ತೂತು ಮುಚ್ಚಿ ಬೇರೆ ಕಡೆ ಕೊರೆಯಬೇಕು ಅಂದರೆ ತೇಪೆ ಕೆಲಸ ಆಗುವುದಿಲ್ಲ. ಪೂರ್ತಿ ಕಿತ್ತು ಮತ್ತೆ ಓವನ್ನಿಗೇ ಹೋಗಬೇಕು. ಆ ಪದರ ಕೀಳುವುದೂ ಸುಲಭದ ಕೆಲಸ ಅಲ್ಲ. ವೈರಿಂಗ್ ಮುಗಿದು, ಗಾಡಿ ಒಂದು ಬೇಸಿಗೆ ಓಡಿದ ಮೇಲೆ ಪೌಡರ್ ಮಾಡಿಸಿ ಅನ್ನುವುದು ನನ್ನ ಸಲಹೆ. ಅಲ್ಲಿಯವರೆಗೆ ಒಂದು ಡಬ್ಬಿ ಮ್ಯಾಟ್ ಕಪ್ಪು ಸಾಕು.

ಬರೀ ಲೋಹ: ಬ್ರಶ್ ಮತ್ತು ಎಂಜಿನ್ ಟರ್ನಿಂಗ್

ಅಲ್ಯೂಮಿನಿಯಂ ಇರುವವರಿಗೆ ಮಾತ್ರ ಈ ಭಾಗ. ಬ್ರಶ್ ಫಿನಿಶ್ ಅಂದರೆ ಒಂದೇ ದಿಕ್ಕಿಗೆ ಸಣ್ಣ ಗೀರು ಎಳೆದು ಹೊಳಪು ಮುರಿಯುವುದು. ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇದ್ದ ಊರು ನಮ್ಮದು. ವಾಚಿನ ಡಯಲ್ ಮೇಲೆ ಈ ನವಿರಾದ ಗೆರೆಗಳನ್ನು ನೋಡಿದ ಕಣ್ಣು ಇಲ್ಲಿ ಸಾಕಷ್ಟಿವೆ, ಅಂಕುಡೊಂಕು ಗೆರೆ ಎಳೆದರೆ ತಕ್ಷಣ ಹಿಡಿಯುತ್ತಾರೆ. ಒಂದು ನೇರ ಮರದ ಪಟ್ಟಿಯನ್ನು ಒತ್ತಾಸೆಗೆ ಇಟ್ಟು, 220 ನಂಬರಿನದು, ಆಮೇಲೆ 320 ನಂಬರಿನ ವಾಟರ್ ಪೇಪರ್ (ಉಜ್ಜುವ ಕಾಗದ) ಹಿಡಿದು, ಆ ತುದಿಯಿಂದ ಈ ತುದಿಗೆ ಒಂದೇ ಉಸಿರಿನಲ್ಲಿ ಎಳೆಯಬೇಕು. ಮಧ್ಯೆ ನಿಲ್ಲಿಸಿದರೆ ಅಲ್ಲೇ ಗುರುತು ಉಳಿಯುತ್ತದೆ. ಖರ್ಚು ಪೇಪರಿನದು ಮಾತ್ರ.

ಎಂಜಿನ್ ಟರ್ನಿಂಗ್ ಇನ್ನೂ ಮಜಾ. ಡ್ರಿಲ್ಲಿಂಗ್ ಸ್ಟ್ಯಾಂಡಿಗೆ ಸಣ್ಣ ಉಜ್ಜುವ ಪ್ಯಾಡ್ ಕೂರಿಸಿ, ತಗಡಿನ ಮೇಲೆ ವೃತ್ತದ ಮೇಲೆ ಅರ್ಧ ವೃತ್ತ ಬರುವ ಹಾಗೆ ಸಾಲಾಗಿ ಒತ್ತುತ್ತಾ ಹೋಗುವುದು. ಮೀನಿನ ಪೊರೆಯ ಹಾಗೆ ಕಾಣುತ್ತದೆ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ಮೂತಿಯ ತಗಡಿನ ಮೇಲೆ ಇದೇ ವಿನ್ಯಾಸ ಇತ್ತು. ಹಳೇ ಬುಗಾಟಿ ಕಾರುಗಳ ಡ್ಯಾಶಿನಲ್ಲೂ ಇತ್ತು. ಒಂದು ಡ್ಯಾಶಿಗೆ ನೂರಾರು ವೃತ್ತ ಬೇಕು, ಸಾಲು ತಪ್ಪಿದರೆ ಮುಚ್ಚಲು ಆಗುವುದಿಲ್ಲ. ತಾಳ್ಮೆ ಇದ್ದು ಸಮಯ ಇದ್ದವರಿಗೆ ಇದಕ್ಕಿಂತ ಹೆಮ್ಮೆಯ ಡ್ಯಾಶ್ ಇಲ್ಲ. ಎಲ್ಲೂ ದುಡ್ಡು ಕೊಟ್ಟು ಸುಲಭವಾಗಿ ಮಾಡಿಸಲು ಸಿಗುವುದಿಲ್ಲ.

ತೊಂದರೆ ಎಲ್ಲಿ? ಬಿಸಿಲಿನಲ್ಲಿ. ತೆರೆದ ಕಾರಿನಲ್ಲಿ ಸೂರ್ಯ ಹಿಂದೆ ಇದ್ದಾಗ ಬರೀ ಅಲ್ಯೂಮಿನಿಯಂ ಡ್ಯಾಶ್ ನೇರ ಕಣ್ಣಿಗೆ ಹೊಡೆಯುತ್ತದೆ. ಬೆಳಿಗ್ಗೆ ತುಮಕೂರಿನಿಂದ ಗುಬ್ಬಿ ಕಡೆ, ಅಂದರೆ ಪಶ್ಚಿಮಕ್ಕೆ, ಹೊರಟವರಿಗೆ ಇದು ಅರ್ಥವಾಗುತ್ತದೆ. ಬ್ರಶ್ ಫಿನಿಶ್ ಇದನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಕನ್ನಡಿ ಪಾಲಿಶ್ ಜಾಸ್ತಿ ಮಾಡುತ್ತದೆ. ಎಂಜಿನ್ ಟರ್ನಿಂಗ್ ಎರಡರ ನಡುವೆ ಎಲ್ಲೋ ಕೂರುತ್ತದೆ.

ಮೇಲೆ ಕ್ಲಿಯರ್ ಹೊಡೆಯಬೇಕಾ ಅನ್ನುವುದು ಹಳೇ ಜಗಳ. ನುಣ್ಣನೆಯ ಬರೀ ಅಲ್ಯೂಮಿನಿಯಂ ಮೇಲೆ ಡಬ್ಬಿಯ ಕ್ಲಿಯರ್ ಲ್ಯಾಕರ್ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಅಂಚಿನಿಂದ ಎದ್ದು, ಒಳಗೆ ತೇವ ಹೋಗಿ ಮಸುಕಾಗುತ್ತದೆ. ನಾನು ಹೊಡೆಯಬೇಡಿ ಅನ್ನುವ ಪಂಗಡ. ಕಾರಿನ ಮೇಣ ಹಚ್ಚಿ ಬಿಡಿ. ಮಾಸಿದಾಗ ಮತ್ತೆ ಪೇಪರ್ ಎಳೆದರೆ ಹೊಸದಾಗುತ್ತದೆ. ತೂತು ಕೊರೆದರೂ ಅಷ್ಟೇ, ಸುತ್ತ ಎಳೆದುಬಿಟ್ಟರೆ ಆಯಿತು. ಆದರೆ ಮುಚ್ಚಿದ ತೂತು ಮಾತ್ರ ಜನ್ಮದಲ್ಲಿ ಅಡಗುವುದಿಲ್ಲ. ಹಳೇ ತೂತುಗಳಿರುವ ಡ್ಯಾಶಿಗೆ ಈ ದಾರಿ ಬೇಕೇ ಬೇಕು ಅಂದರೆ ಹೊಸ ಶೀಟ್ ಕತ್ತರಿಸಿ ಮೇಲೆ ಹೊದಿಸುವುದೇ ಅಗ್ಗ.

ಅನೋಡೈಸಿಂಗ್

ಅಲ್ಯೂಮಿನಿಯಂನ ಮೇಲ್ಮೈಯನ್ನೇ ಆಸಿಡ್ ತೊಟ್ಟಿಯಲ್ಲಿ ಕರೆಂಟ್ ಹರಿಸಿ ಗಟ್ಟಿ ಆಕ್ಸೈಡ್ ಮಾಡುವುದು ಇದು. ಮೇಲೆ ಹಚ್ಚಿದ ಪದರ ಅಲ್ಲ, ಆದ್ದರಿಂದ ಸಿಪ್ಪೆ ಏಳುವ ಭಯ ಇಲ್ಲ. ದಪ್ಪ ಸುಮಾರು 10ರಿಂದ 25 ಮೈಕ್ರಾನ್, ತೂತಿನ ಅಳತೆ ಬಹುಪಾಲು ಹಾಗೇ ಉಳಿಯುತ್ತದೆ. ಕಪ್ಪು ಅನೋಡೈಸ್ ಮಾಡಿದ ಬ್ರಶ್ ಡ್ಯಾಶ್ ನೋಡಲು ಬಹಳ ಚೆಂದ.

ಆದರೆ ಅದು ಏನನ್ನೂ ಮುಚ್ಚುವುದಿಲ್ಲ. ಗೀರು ಗೀರಾಗಿಯೇ ಇರುತ್ತದೆ. ವೆಲ್ಡ್ ಮಾಡಿದ ಜಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ. ಆರ್ಗಾನ್ ವೆಲ್ಡಿಂಗ್‌ನವರು ಸಾಮಾನ್ಯವಾಗಿ ಬಳಸುವ 4043 ಕಡ್ಡಿಯಲ್ಲಿ ಸಿಲಿಕಾನ್ ಇರುವುದರಿಂದ ಆ ಜಾಗ ಕಡು ಬೂದಾಗಿ ಎದ್ದು ಕಾಣುತ್ತದೆ. 5356 ಕಡ್ಡಿ ಬಳಸಿದರೆ ಅಷ್ಟು ಕಾಣುವುದಿಲ್ಲ. ಕೆಂಪು, ನೀಲಿ ಬಣ್ಣಗಳು ನಮ್ಮ ಬಿಸಿಲಿಗೆ ಕಾಲಕ್ರಮೇಣ ತೆಳುವಾಗುತ್ತವೆ, ಕಪ್ಪು ಮತ್ತು ಸಹಜ ಬಣ್ಣ ನಿಲ್ಲುತ್ತವೆ. ಡ್ಯಾಶ್ ಉದ್ದ ಇರುವುದರಿಂದ ಅಷ್ಟು ದೊಡ್ಡ ತೊಟ್ಟಿ ಇದೆಯಾ ಅಂತ ಮೊದಲು ಫೋನಿನಲ್ಲಿ ಕೇಳಿ. ಇಲ್ಲಿ ಸಿಗದಿದ್ದರೆ ಪೀಣ್ಯ ಇದ್ದೇ ಇದೆ, ಬೆಂಗಳೂರಿಗೆ ಹೋಗುವ ಹೈವೇಯಲ್ಲೇ. ನಾಳೆ ಕೊರೆದ ತೂತಿನ ಅಂಚು ಬೆಳ್ಳಗೆ ಕಾಣುತ್ತದೆ, ಸ್ವಿಚ್ಚಿನ ವಾಷರ್ ಅದನ್ನು ಮುಚ್ಚಿದರೆ ಬಚಾವ್.

ಸ್ಟಿಕ್ಕರ್ ಮತ್ತು ರೆಕ್ಸಿನ್

ವಿನೈಲ್ ರ‍್ಯಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಂಬರ್ ಪ್ಲೇಟ್, ಸ್ಟಿಕ್ಕರ್ ಮಾಡುವ ಅಂಗಡಿಗಳಲ್ಲಿ ಅಂಟಿಸಿಕೊಡುತ್ತಾರೆ. ಅಗ್ಗದ ವಿನೈಲ್ ಬಿಸಿಗೆ ಕುಗ್ಗಿ ಮೀಟರ್ ತೂತಿನ ಅಂಚಿನಲ್ಲಿ ಏಳುತ್ತದೆ. ಕಾರಿಗೆಂದೇ ಬರುವ ಕಾಸ್ಟ್ (cast) ವಿನೈಲ್ ಕೇಳಿ ಹಾಕಿಸಿ, ತೂತಿನ ಒಳಗೆ ಮಡಚಿಸಿ. ಕಾರ್ಬನ್ ಫೈಬರ್ ವೇಷದ ಸ್ಟಿಕ್ಕರ್ ದಯವಿಟ್ಟು ಬೇಡ. ಬೇಡದಿದ್ದಾಗ ಹೀಟ್ ಗನ್ ಹಿಡಿದು ಕಿತ್ತರೆ ಬರುತ್ತದೆ ಅನ್ನುವುದೇ ಇದರ ದೊಡ್ಡ ಗುಣ.

ರೆಕ್ಸಿನ್ ಬೇರೆ ಮಾತು. ತುಕ್ಕು ತಿಂದು ಗುಂಡಿ ಬಿದ್ದ ಕಬ್ಬಿಣದ ಡ್ಯಾಶಿಗೆ ಇದು ದೇವರು ಕೊಟ್ಟ ದಾರಿ. ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ತೆಳುವಾದ ಫೋಮ್ ಹಾಕಿ, ಮೇಲೆ ರೆಕ್ಸಿನ್ ಎಳೆದು ಅಂಟಿಸಿದರೆ ಕೆಳಗೆ ಏನಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸೀಟ್ ಕುಶನ್ ಹೊಲಿಯುವವರು ಮಾಡಿಕೊಡುತ್ತಾರೆ, ಸೀಟಿನ ಜೊತೆಗೇ ಕೊಟ್ಟರೆ ದರವೂ ಇಳಿಯುತ್ತದೆ. ಕಪ್ಪು ಮ್ಯಾಟ್ ರೆಕ್ಸಿನ್ನಿನಿಂದ ಬಿಂಬ ಬರುವುದಿಲ್ಲ. ಮುಟ್ಟಿದರೆ ಬರೀ ತಗಡಿನಷ್ಟು ಸುಡುವುದೂ ಇಲ್ಲ.

ಎರಡು ಎಚ್ಚರ. ಒಂದು, ಪ್ರೈಮರ್ ಇಲ್ಲದೆ ತುಕ್ಕಿನ ಮೇಲೇ ಅಂಟಿಸಲು ಬಿಡಬೇಡಿ. ತೆರೆದ ಗಾಡಿಯಲ್ಲಿ ಮಳೆ ನೀರು ಫೋಮಿಗೆ ಇಳಿದು ಒಳಗೊಳಗೇ ತಗಡು ತಿನ್ನುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮಳೆಗೆ ನೆನೆಯುವ ಗಾಡಿಯಾದರೆ ಫೋಮ್ ಬಿಟ್ಟು ನೇರ ರೆಕ್ಸಿನ್ ಅಂಟಿಸುವುದು ಮೇಲು. ಎರಡು, ಹೊಸ ತೂತು ಕೊರೆಯುವಾಗ ರೆಕ್ಸಿನ್ ಮೇಲಿಂದ ಡ್ರಿಲ್ ಇಳಿಸಬೇಡಿ. ಬಿಟ್ಟಿಗೆ ಬಟ್ಟೆಯ ಎಳೆ ಸುತ್ತಿಕೊಂಡು ಅರ್ಧ ಡ್ಯಾಶಿನ ಹೊದಿಕೆಯೇ ಕಿತ್ತು ಬರುತ್ತದೆ. ಮೊದಲು ಬ್ಲೇಡಿನಲ್ಲಿ ದುಂಡಗೆ ಕತ್ತರಿಸಿ ತೆಗೆದು ಆಮೇಲೆ ಕೊರೆಯಿರಿ.

ಹಳೇ ವಿಮಾನದ ಪ್ಯಾನೆಲ್ ತರಹ ಸುಕ್ಕು ಬರುವ ರಿಂಕಲ್ ಪೇಂಟ್ ಇಷ್ಟಪಡುವವರೂ ಇದ್ದಾರೆ. ದಪ್ಪವಾಗಿ ಅಡ್ಡ-ಉದ್ದ ಹೊಡೆದು ಬಿಸಿ ಕೊಟ್ಟರೆ ಸುಕ್ಕುಗಟ್ಟುತ್ತದೆ. ತೇಪೆ ಹಾಕಲು ಆಗುವುದಿಲ್ಲ, ಸುಕ್ಕಿನೊಳಗೆ ನಮ್ಮ ಕೆಂಪು ಧೂಳು ಕೂತರೆ ಹಲ್ಲುಜ್ಜುವ ಬ್ರಶ್ಶೇ ಗತಿ. ಟೆಕ್ಸ್ಚರ್ ಪೌಡರ್ ಸಿಗುವ ಊರಿನಲ್ಲಿ ಇದರ ಹಿಂದೆ ಬೀಳುವ ಅಗತ್ಯ ನನಗೆ ಕಾಣುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಮೊದಲೇ ಒಂದು ಮಾತು: ಇಡೀ ಡ್ಯಾಶಿಗೆ ಒಂದೇ ಫಿನಿಶ್ ಇರಬೇಕು ಅಂತ ಯಾರೂ ಕಟ್ಟಳೆ ಹಾಕಿಲ್ಲ. ಗಾಜಿನ ಕೆಳಗೆ ಬರುವ ಮೇಲಂಚಿಗೆ ಮ್ಯಾಟ್ ಕಪ್ಪು ಅಥವಾ ರೆಕ್ಸಿನ್, ಮೀಟರ್ ಕೂರುವ ಎದುರಿನ ಭಾಗಕ್ಕೆ ನಿಮಗಿಷ್ಟವಾದದ್ದು. ಅರ್ಧಕ್ಕರ್ಧ ಗೊಂದಲ ಇಲ್ಲಿಗೇ ಮುಗಿಯುತ್ತದೆ. ಮೀಟರ್ ಭಾಗವನ್ನು ಬೇರೆ ಶೀಟಿನಲ್ಲಿ ಮಾಡಿ ಸ್ಕ್ರೂ ಹಾಕಿ ಕೂರಿಸಿದರೆ ಇನ್ನೂ ಒಳ್ಳೆಯದು. ನಾಳೆ ಬೇಜಾರಾದರೆ ಆ ಶೀಟ್ ಒಂದನ್ನೇ ಬದಲಿಸಬಹುದು.

ಶಿರಾದವರೇ, ನಿಮ್ಮದು ಹೊಸ ಅಲ್ಯೂಮಿನಿಯಂ, ಹಳೇ ತೂತಿಲ್ಲ. ಎದುರಿನ ಭಾಗ ಬ್ರಶ್ ಮಾಡಿ ಮೇಣ ಹಚ್ಚಿ, ಮೇಲಂಚಿಗೆ ಕಪ್ಪು ರೆಕ್ಸಿನ್ ಹಾಕಿಸಿ. ಒಂದು ವರ್ಷ ಓಡಿಸಿ. ಬೆಳಕು ಕಣ್ಣಿಗೆ ಹೊಡೆಯುತ್ತದೆ ಅನ್ನಿಸಿದರೆ ಅದೇ ಶೀಟನ್ನು ಕಪ್ಪು ಅನೋಡೈಸಿಂಗಿಗೋ ಟೆಕ್ಸ್ಚರ್ ಪೌಡರಿಗೋ ಕಳಿಸಬಹುದು. ಕಳಿಸುವ ಮೊದಲು ಮೇಣ ಪೂರ್ತಿ ತೊಳೆಯಬೇಕು ಅಷ್ಟೇ. ಮೊದಲೇ ಪೌಡರ್ ಮಾಡಿಸಿದರೆ ಅಲ್ಲಿಂದ ವಾಪಸ್ ಬರುವುದು ಕಷ್ಟ.

ಗುಬ್ಬಿಯವರಿಗೆ ನನ್ನ ಮತ ಪೇಂಟಿಗೆ, ತುಕ್ಕು ಮೇಲ್ಮೈಯಲ್ಲೇ ಇದ್ದರೆ. ಜೀಪಿನ ಸೊಗಸೇ ಆ ಬರೀ ತಗಡಿನ ಡ್ಯಾಶಿನಲ್ಲಿದೆ. ಪಿಯು ಪೇಂಟ್, ಬಾಡಿಯ ಬಣ್ಣ, ಅರೆ ಹೊಳಪು. ಸ್ಕ್ರೂಡ್ರೈವರಿನ ತುದಿಯಲ್ಲಿ ಚುಚ್ಚಿ ನೋಡಿ. ತಗಡು ತೂತಾಗುವಷ್ಟು ತಿಂದಿದ್ದರೆ ಆ ಭಾಗ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಬೇಕು. ಅದಕ್ಕೆ ದುಡ್ಡು ಸಾಲದಿದ್ದರೆ ರೆಕ್ಸಿನ್, ಆದರೆ ಮೇಲೆ ಹೇಳಿದ ಹಾಗೆ ಫೋಮ್ ಇಲ್ಲದೆ.

ಇನ್ನು ಹುಡುಗರು. ನಿಮ್ಮ ಗಾಡಿಯಲ್ಲಿ ಪ್ರತಿ ಟೆಸ್ಟಿಗೂ ಸ್ವಿಚ್ ಜಾಗ ಬದಲಾಗುತ್ತದೆ. ನಿಮಗೆ ಪೌಡರೂ ಬೇಡ, ಪಿಯುವೂ ಬೇಡ. ಸರಿಯಾಗಿ ಉಜ್ಜಿ, ಅಲ್ಯೂಮಿನಿಯಂ ಆದರೆ ಎಚ್ ಪ್ರೈಮರ್ ಡಬ್ಬಿ ಒಂದು, ಮ್ಯಾಟ್ ಕಪ್ಪು ಒಂದು. ತೆಳುವಾಗಿ ಮೂರು ಕೋಟ್, ನಡುವೆ ಹದಿನೈದು ನಿಮಿಷ ಬಿಡಿ. ರಾತ್ರಿಯೇ ಮೀಟರ್ ಕೂರಿಸಲು ಅವಸರ ಮಾಡಬೇಡಿ. ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಒಳಗೆ ಮೆತ್ತಗಿರುತ್ತದೆ, ಬಿಗಿದ ನಟ್ಟಿನ ಕೆಳಗೆ ಪೇಂಟ್ ಸುತ್ತಿಕೊಳ್ಳುತ್ತದೆ. ಒಂದು ವಾರ ಬಿಸಿಲು ಬೀಳುವ ಕೋಣೆಯಲ್ಲಿಟ್ಟು ಆಮೇಲೆ ಜೋಡಿಸಿ. ಅರ್ತ್ ವೈರ್ ಕೂರಿಸುವ ಜಾಗದಲ್ಲಿ ಮಾತ್ರ ಹಿಂಬದಿಯ ಪೇಂಟ್ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ.